ಅಪ್ಪನ ಕೆಮ್ಮು ಮತ್ತು ಹಳೇ ಟ್ರಂಕು

ನಮ್ಮಪ್ಪ ಇಪ್ಪತ್ತೆರಡು ವರ್ಷ ಸಿಮೆಂಟ್ ಶೀಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. ಸಂಜೆ ಮನೆಗೆ ಬಂದಾಗ ತಲೆ, ಹುಬ್ಬು ಎಲ್ಲ ಬೂದು ಬಣ್ಣ. ಅಮ್ಮ ಅವರ ಅಂಗಿಯನ್ನು ಹಿತ್ತಲಲ್ಲಿ ಕೊಡವಿ ಒಗೆಯೋರು. ಅದು ಆಸ್ಬೆಸ್ಟಾಸ್ ಧೂಳು ಅಂತ ಗೊತ್ತಾಗೋ ಹೊತ್ತಿಗೆ ಅಪ್ಪ ನಿವೃತ್ತರಾಗಿ ಹತ್ತು ವರ್ಷ ಕಳೆದಿತ್ತು.

ಮೊದಲು ಮೆಟ್ಟಿಲು ಹತ್ತಿದರೆ ಏದುಸಿರು, ಆಮೇಲೆ ಬಿಡದ ಒಣ ಕೆಮ್ಮು. ಟಿ.ಬಿ. ಇರಬಹುದು ಅಂದರು, ಅಸ್ತಮಾ ಅಂದರು. ಕೊನೆಗೆ ಒಬ್ಬ ಡಾಕ್ಟರ್ ಮಾತ್ರ, "ಯಜಮಾನ್ರೇ, ಎಲ್ಲಿ ಕೆಲಸ ಮಾಡ್ತಿದ್ರಿ?" ಅಂತ ಕೇಳಿದರು. ಸ್ಕ್ಯಾನ್ ಮಾಡಿಸಿದಾಗ ಆಸ್ಬೆಸ್ಟೋಸಿಸ್ ಅಂತ ಗೊತ್ತಾಯಿತು.

ಕಣ್ಣಿಗೆ ಕಾಣದಷ್ಟು ಸಣ್ಣ ನಾರುಗಳು ಶ್ವಾಸಕೋಶದಲ್ಲಿ ಕೂತು ಅದನ್ನು ನಿಧಾನವಾಗಿ ಗಟ್ಟಿಯಾಗಿಸುತ್ತವೆ. ಗಾಯದ ಕಲೆಯಂತೆ ಇದೂ ಹೋಗುವುದಿಲ್ಲ. ರೋಗ ಕಾಣಿಸಿಕೊಳ್ಳಲು 10ರಿಂದ 40 ವರ್ಷ ಹಿಡಿಯಬಹುದು. ಶ್ವಾಸಕೋಶದ ಕ್ಯಾನ್ಸರ್, ಅದರ ಹೊರಪೊರೆಗೆ ಬರುವ ಮೆಸೊಥೆಲಿಯೋಮ ಎಂಬ ಕ್ಯಾನ್ಸರ್ ಕೂಡ ಇದರಿಂದ ಬರುತ್ತವೆ. ಬೀಡಿ, ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹಲವು ಪಟ್ಟು. ಬಟ್ಟೆ ಒಗೆದವರಿಗೂ ಅಪಾಯ ಉಂಟು. ಅಮ್ಮನನ್ನೂ ತೋರಿಸಿಕೊಂಡು ಬಂದೆ.

ಕಾನೂನು ಏನು ಹೇಳುತ್ತೆ? ಆಸ್ಬೆಸ್ಟೋಸಿಸ್ ಅನ್ನು ಹಿಂದಿನ 1923ರ ಪರಿಹಾರ ಕಾಯ್ದೆಯೇ ಔದ್ಯೋಗಿಕ ರೋಗಗಳ ಪಟ್ಟಿಗೆ ಸೇರಿಸಿಕೊಂಡಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದಿದೆ. ಇ.ಎಸ್.ಐ. ಇದ್ದವರು ಅಲ್ಲಿ ಕೇಳಬೇಕು, ಇಲ್ಲದವರು ಸಕ್ಷಮ ಪ್ರಾಧಿಕಾರದ ಮುಂದೆ. ಸಾಮಾನ್ಯವಾಗಿ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ತಡವಾದರೆ ತಕ್ಕ ಕಾರಣ ತೋರಿಸಿ ಕೇಳಿಕೊಳ್ಳಬಹುದು.

ನಮಗೆ ದೊಡ್ಡ ಆಸರೆಯಾಗಿದ್ದು ಸುಪ್ರೀಂ ಕೋರ್ಟಿನ 1995ರ ತೀರ್ಪು. ಆಸ್ಬೆಸ್ಟಾಸ್ ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಾಗಿನಿಂದ 40 ವರ್ಷ, ಅಥವಾ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಹೆಚ್ಚೋ ಅಲ್ಲಿಯವರೆಗೆ ಕಾಪಾಡಬೇಕು ಅಂತ ಅದು ಹೇಳಿದೆ. ಫ್ಯಾಕ್ಟರಿಯವರು "ಹಳೇ ಫೈಲ್ ಇಲ್ಲ" ಅಂದಾಗ ನಮ್ಮ ವಕೀಲರು ಇದನ್ನೇ ಉಲ್ಲೇಖಿಸಿ ನೋಟಿಸ್ ಕಳಿಸಿದರು.

ಅಷ್ಟರಲ್ಲಿ ಅಮ್ಮ ಅಟ್ಟದ ಮೇಲಿನ ಟ್ರಂಕು ಇಳಿಸಿದರು. ನೇಮಕಾತಿ ಪತ್ರ, ಸಂಬಳದ ಚೀಟಿಗಳು, ಪಿ.ಎಫ್. ಸ್ಲಿಪ್, ಗೇಟ್ ಪಾಸ್, ಎಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ! ಲಾಗ್ ಇಲ್ಲದ ಬಗ್ ಹುಡುಕೋದು ಎಷ್ಟು ಕಷ್ಟ ಅಂತ ನಮ್ಮ ಫೀಲ್ಡಿನವರಿಗೆ ಗೊತ್ತು. ಅಪ್ಪನ ಲಾಗ್ ಅನ್ನು ಅಮ್ಮ ಇಷ್ಟು ವರ್ಷ ಕಾಪಾಡಿದ್ದರು.

ಕೇಸು ಇನ್ನೂ ನಡೀತಿದೆ. ಗೆದ್ದರೂ ಅಪ್ಪನ ಉಸಿರು ವಾಪಸ್ ಬರಲ್ಲ, ಔಷಧಿಯ ಖರ್ಚಿಗಾದರೂ ಆದೀತು.

ನಿಮ್ಮ ಮನೆಯಲ್ಲೂ ಶೀಟ್, ಬ್ರೇಕ್ ಲೈನಿಂಗ್, ಬಾಯ್ಲರ್ ಕೆಲಸ ಮಾಡಿದ ಹಿರಿಯರಿದ್ದರೆ ಈ ಭಾನುವಾರ ಎರಡು ಕೆಲಸ ಮಾಡಿ. ಅವರು ಎಲ್ಲೆಲ್ಲಿ, ಎಷ್ಟು ವರ್ಷ ದುಡಿದರು ಅಂತ ಕೇಳಿ ಬರೆದಿಡಿ. ಸಿಕ್ಕ ಕಾಗದಗಳನ್ನೆಲ್ಲ ಫೋನಿನಲ್ಲಿ ಫೋಟೊ ತೆಗೆದಿಡಿ. ಮುಂದಿನ ಸಲ ಡಾಕ್ಟರ್ ಹತ್ತಿರ ಹೋದಾಗ, ಅವರು ಕೇಳದಿದ್ದರೂ ನೀವೇ ಹೇಳಿ.