ಅನಿಲ ಪರೀಕ್ಷೆ: ಮಾದರಿ ಸರಿಯಿದ್ದರೆ ಅಂಕಿಯೂ ಸರಿ

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳಲ್ಲಿ ಕಬ್ಬಿನ ಜೊತೆಗೆ ಹೈನುಗಾರಿಕೆಯೂ ಇದೆ. ಸಗಣಿ ಸಾಕಷ್ಟು ದೊರೆಯುವಲ್ಲಿ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿಸಿ, ಒಲೆಗಷ್ಟೇ ಅಲ್ಲದೆ ಎಂಜಿನ್ನಿಗೂ ಆ ಅನಿಲ ಬಳಸಬಹುದು. ಎಂಜಿನ್ನಿಗೆ ಬಿಡುವ ಮೊದಲು ಅನಿಲದಲ್ಲಿ ಏನೇನು ಎಷ್ಟೆಷ್ಟಿದೆ ಎಂದು ತಿಳಿಯುವುದು ಅವಶ್ಯ. ಇದಕ್ಕೆ ಅನಿಲ ವಿಶ್ಲೇಷಕ ಯಂತ್ರವಿದೆ. ಸಕ್ಕರೆ ಕಾರ್ಖಾನೆಗಳಲ್ಲಿ ಬಾಯ್ಲರ್ ಹೊಗೆಯ ಆಮ್ಲಜನಕವನ್ನು ಅಳೆದು ಉರಿಗೆ ಗಾಳಿ ಹೊಂದಿಸುವುದೂ ಇಂಥ ಯಂತ್ರದಿಂದಲೇ.

ಹೊಲದ ಬದುವಿನ ಮಣ್ಣು ಕಳಿಸಿದರೆ ಪ್ರಯೋಗಾಲಯದ ವರದಿ ಹೊಲಕ್ಕೆ ಹೊಂದುವುದಿಲ್ಲವೆಂಬುದು ರೈತರಿಗೆ ಗೊತ್ತು. ಅನಿಲದ ಮಾತೂ ಹಾಗೆಯೇ. ಯಂತ್ರ ಎಷ್ಟೇ ಬೆಲೆಯದಾಗಿರಲಿ, ಅದಕ್ಕೆ ಮುಟ್ಟಿದ ಅನಿಲವನ್ನು ಮಾತ್ರ ಅಳೆಯುತ್ತದೆ.

ನೀರಿನ ಆವಿ

ಸಗಣಿ ಅನಿಲದಲ್ಲಿ ಮೀಥೇನ್ ಸುಮಾರು ಶೇ. 55ರಿಂದ 65, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಸ್ಥಾವರದಿಂದ ಹೊರಬರುವಾಗ ಅದು ನೀರಾವಿಯಿಂದ ತುಂಬಿರುತ್ತದೆ. 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಅನಿಲದಲ್ಲಿ ಸುಮಾರು 40 ಗ್ರಾಂ ನೀರಿರುತ್ತದೆ. 5 ಡಿಗ್ರಿಗೆ ತಂಪಾದರೆ ಉಳಿಯುವುದು ಸುಮಾರು 7 ಗ್ರಾಂ. ಮಿಕ್ಕ ನೀರು ನಳಿಕೆಯಲ್ಲೇ ಇಳಿಯುತ್ತದೆ. ಆ ಹನಿ ಯಂತ್ರದೊಳಗೆ ಹೋದರೆ ಅಳತೆಯ ಕೋಶ ಮಸುಕಾಗಿ ಕೆಡುತ್ತದೆ. ಆದ್ದರಿಂದ ಯಂತ್ರಕ್ಕಿಂತ ಮೊದಲು ಅನಿಲವನ್ನು ತಂಪಾಗಿಸಿ, ನೀರು ಬಸಿಯುವ ಬುಡ್ಡಿ ಹಾಗೂ ಧೂಳು ತಡೆಯುವ ಶೋಧಕ ಇಡಬೇಕು. ನಳಿಕೆಯ ಇಳಿಜಾರು ಬುಡ್ಡಿಯ ಕಡೆಗಿರಲಿ. ನಿಂತ ನೀರು ಗಂಧಕದ ಅನಿಲವನ್ನು, ಅಂದರೆ ಹೈಡ್ರೋಜನ್ ಸಲ್ಫೈಡನ್ನು, ಕರಗಿಸಿಕೊಂಡು ಅಂಕಿಯನ್ನು ತಗ್ಗಿಸುತ್ತದೆ. ಆದುದರಿಂದ ಬುಡ್ಡಿಯನ್ನು ಆಗಾಗ್ಗೆ ಖಾಲಿ ಮಾಡಬೇಕು.

ಗಾಳಿಯ ಸೋರಿಕೆ

ನಳಿಕೆಯ ಜೋಡಣೆ ಸಡಿಲಾಗಿದ್ದರೆ ಯಂತ್ರದ ಪಂಪು ಹೊರಗಿನ ಗಾಳಿಯನ್ನೂ ಎಳೆಯುತ್ತದೆ. ಮೀಥೇನ್ ನಿಜವಾಗಿ ಶೇ. 60 ಇದ್ದು, ಸೋರಿಕೆಯಿಂದ ಮಾದರಿಯಲ್ಲಿ ಆಮ್ಲಜನಕ ಶೇ. 4 ಬಂದಿತೆನ್ನಿ. ಆಗ ಮಾದರಿಯ ಸುಮಾರು ಐದನೆಯ ಒಂದು ಪಾಲು ಬರೀ ಗಾಳಿ, ಮೀಥೇನ್ ಶೇ. 49 ಎಂದು ತೋರುತ್ತದೆ. ರೈತನು ಸ್ಥಾವರವೇ ಕೆಟ್ಟಿತೆಂದು ತಿಳಿದು ಸಗಣಿ, ನೀರಿನ ಪ್ರಮಾಣ ಬದಲಿಸಲು ಹೊರಟರೆ ವೃಥಾ ನಷ್ಟ. ಆಮ್ಲಜನಕದ ಅಂಕಿ ಏರಿದ್ದರೆ ಮೊದಲು ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ, ಅನಿಲದ ಒತ್ತಡವಿರುವಾಗ ಗುಳ್ಳೆ ಏಳುವುದೇ ನೋಡಬೇಕು.

ಒತ್ತಡ, ಹರಿವು, ನಳಿಕೆ

ಯಂತ್ರದ ಕೈಪಿಡಿ ಹೇಳಿದಷ್ಟೇ ಒತ್ತಡ ಮತ್ತು ಹರಿವು ಇರಬೇಕು. ತೇಲುವ ಡ್ರಮ್ಮಿನ ಸ್ಥಾವರದಲ್ಲಿ ಒತ್ತಡ ಹೆಚ್ಚು ಬದಲಾಗುವುದಿಲ್ಲ. ದೀನಬಂಧುವಿನಂಥ ಸ್ಥಿರ ಗುಮ್ಮಟದಲ್ಲಿ ಅನಿಲ ಬಳಸಿದಂತೆ ಒತ್ತಡ ಇಳಿಯುತ್ತದೆ. ಅಲ್ಲಿ ಒತ್ತಡ ನಿಯಂತ್ರಕ ಬೇಕು. ನಳಿಕೆ ಸಣ್ಣದೂ ಗಿಡ್ಡದೂ ಆಗಿರಲಿ. ಒಳವ್ಯಾಸ 12 ಮಿ.ಮೀ. ಇರುವ 10 ಮೀಟರ್ ನಳಿಕೆಯಲ್ಲಿ ಒಂದು ಲೀಟರಿಗೂ ಹೆಚ್ಚು ಹಳೆಯ ಅನಿಲ ನಿಂತಿರುತ್ತದೆ, 4 ಮಿ.ಮೀ. ಆದರೆ ಸುಮಾರು 125 ಮಿ.ಲೀ. ಮಾತ್ರ. ಹಳೆಯದು ಹೊರಹೋಗಿ ಅಂಕಿ ನಿಲ್ಲುವವರೆಗೆ ಕಾಯ್ದು ಬರೆದುಕೊಳ್ಳಿರಿ. ರಬ್ಬರ್ ನಳಿಕೆ ಗಂಧಕದ ಅನಿಲವನ್ನು ಹೀರುತ್ತದೆ, ತಾಮ್ರ ತಿನ್ನಿಸಿಕೊಳ್ಳುತ್ತದೆ, ಟೆಫ್ಲಾನ್ ಒಳ್ಳೆಯದು.

ಎಲ್ಲಿಂದ ಮಾದರಿ?

ಗಂಧಕದ ಅನಿಲ ಎಂಜಿನ್ನಿನ ಲೋಹವನ್ನು ತಿನ್ನುತ್ತದೆ. ಅದನ್ನು ತಡೆಯಲು ತುಕ್ಕು ಹಿಡಿದ ಕಬ್ಬಿಣದ ಚೂರಿನ ಶೋಧಕ ಇಟ್ಟಿದ್ದರೆ, ಅದರ ಮೊದಲು ಒಮ್ಮೆ, ನಂತರ ಒಮ್ಮೆ ಅಳೆಯಬೇಕು. ಎರಡೂ ಅಂಕಿ ಒಂದೇ ಆದರೆ ಚೂರು ಬದಲಿಸುವ ಕಾಲ ಬಂದಿದೆ. ನಂತರದ್ದೊಂದನ್ನೇ ಅಳೆದರೆ ಸ್ಥಾವರದ ಸ್ಥಿತಿ ತಿಳಿಯದು.

ಎಚ್ಚರಿಕೆ

ಯಂತ್ರದಿಂದ ಹೊರಬರುವ ಅನಿಲವನ್ನು ಕೋಣೆಯಲ್ಲಿ ಬಿಡದೆ ನಳಿಕೆಯಿಂದ ಬಯಲಿಗೆ ಸಾಗಿಸಬೇಕು. ಗಾಳಿಯಲ್ಲಿ ಮೀಥೇನ್ ಶೇ. 5ರಿಂದ 15 ಇದ್ದಾಗ ಕಿಡಿ ತಗುಲಿದರೆ ಸ್ಫೋಟವಾಗುತ್ತದೆ. ಹತ್ತಿರ ಬೀಡಿ, ದೀಪ ಬೇಡ. ಗಂಧಕದ ಅನಿಲ ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯದು. ವಾಸನೆ ಇಲ್ಲವೆಂದು ನಂಬಿ ಯಾರೂ ಸ್ಥಾವರದ ಗುಂಡಿಯೊಳಗೆ ಇಳಿಯಬಾರದು. ಬಿದ್ದವರನ್ನು ಎತ್ತಲು ಹಾಗೆಯೇ ಇಳಿದವರೂ ಜೀವ ಕಳೆದುಕೊಳ್ಳುತ್ತಾರೆ.

ರೈತ ಬಾಂಧವರು ಯಂತ್ರದ ಅಂಕಿ ನೋಡುವ ಮುನ್ನ ನೀರಿನ ಬುಡ್ಡಿ, ಜೋಡಣೆ ಮತ್ತು ಹರಿವು ಈ ಮೂರನ್ನು ನೋಡುವ ರೂಢಿ ಇಟ್ಟುಕೊಂಡರೆ ಸ್ಥಾವರವೂ ಎಂಜಿನ್ನೂ ಹೆಚ್ಚು ಕಾಲ ಬಾಳುತ್ತವೆ.