ಗರಿಗರಿ ಕ್ರ್ಯಾಕರ್‌ನ ನೀರಿನ ಲೆಕ್ಕ

100 ಗ್ರಾಂ ಮೈದಾ, 45 ಗ್ರಾಂ ನೀರು, 15 ಗ್ರಾಂ ಎಣ್ಣೆ, ಸ್ವಲ್ಪ ಉಪ್ಪು. ಮನೆಯಲ್ಲಿ ಕ್ರ್ಯಾಕರ್ ಮಾಡಲು ಇಷ್ಟು ಸಾಕು. ಜೀರಿಗೆ, ಓಂಕಾಳು, ಕಾಳುಮೆಣಸು ಅವರವರ ನಾಲಿಗೆಗೆ ಬಿಟ್ಟದ್ದು. ಮೈದಾ ಒಣಗಿದ ಪುಡಿಯಂತೆ ಕಂಡರೂ ಅದರೊಳಗೇ ಸುಮಾರು 13 ಗ್ರಾಂ ನೀರಿರುತ್ತದೆ. ಎಲ್ಲ ಕೂಡಿದರೆ ಕಣಕದಲ್ಲಿ 58 ಗ್ರಾಂ. ಚೆನ್ನಾಗಿ ಬೆಂದ ಕ್ರ್ಯಾಕರ್‌ನಲ್ಲಿ ಉಳಿಯಬೇಕಾದದ್ದು ತೂಕದ ಶೇ. 2-3ರಷ್ಟು ನೀರು ಮಾತ್ರ, ಅಂದರೆ 3 ಗ್ರಾಂ ಆಸುಪಾಸು. ಮಿಕ್ಕ 55 ಗ್ರಾಂ ಆವಿಯಾಗಿ ಹೋಗಬೇಕು. ಅಂಚಿನಿಂದಲೂ ನಡುವಿನಿಂದಲೂ ಒಂದೇ ಸಮನಾಗಿ ಹೋಗಬೇಕು. ಮನೆಯ ಕ್ರ್ಯಾಕರ್ ಹೆಚ್ಚಾಗಿ ಕೈಕೊಡುವುದು ಈ ‘ಒಂದೇ ಸಮನಾಗಿ’ ಎಂಬಲ್ಲೇ. ಮೇಲ್ಮೈ ಕೆಂಪಗಾಯಿತೆಂದು ತಟ್ಟೆ ಹೊರಗೆಳೆಯುತ್ತೇವೆ. ಆರಿದ ಮೇಲೆ ನೋಡಿದರೆ ಅಂಚು ಕುರುಕುರು, ನಡು ಜಿಗುಟು.

ಮೊದಲು ಕಣಕದ ವಿಷಯ. ಗೋಧಿಯ ಹಿಟ್ಟಿಗೆ ನೀರು ಬೆರೆಸಿ ನಾದಿದಾಗ ಗ್ಲುಟೆನಿನ್, ಗ್ಲಯಾಡಿನ್ ಎಂಬ ಪ್ರೋಟೀನುಗಳು ಹೆಣೆದುಕೊಂಡು ಗ್ಲುಟೆನ್ ಎಂಬ ಹಿಗ್ಗುವ ಜಾಲವಾಗುತ್ತದೆ. ಇಟಲಿಯ ಬೊಲೊನ್ಯದ ಜಾಕೊಪೊ ಬೆಕ್ಕಾರಿ 18ನೇ ಶತಮಾನದಲ್ಲೇ ಇದನ್ನು ಬೇರ್ಪಡಿಸಿ ತೋರಿಸಿದ್ದ. ಮುದ್ದೆಯನ್ನು ನೀರಿನಲ್ಲಿ ಹಿಸುಕುತ್ತ ಹೋದರೆ ಪಿಷ್ಟ ಹಾಲಿನಂತೆ ಹರಿದುಹೋಗಿ ಅಂಟು ಉಳಿಯುತ್ತದೆ. ಯಾವ ಮಗುವಾದರೂ ಅಡುಗೆಮನೆಯಲ್ಲೇ ಮಾಡಿ ನೋಡಬಹುದಾದ ಸೊಗಸಾದ ಪ್ರಯೋಗವಿದು. ಬ್ರೆಡ್ಡಿಗೆ ಈ ಜಾಲ ಬಲವಾಗಿರಬೇಕು. ಕ್ರ್ಯಾಕರ್‌ಗೆ ಹರಿಯದಂತೆ ತೆಳ್ಳಗೆ ಲಟ್ಟಿಸುವಷ್ಟಿದ್ದರೆ ಆಯಿತು. ನೀರಿಗಿಂತ ಮೊದಲೇ ಹಿಟ್ಟಿಗೆ ಎಣ್ಣೆ ತಿಕ್ಕಿದರೆ ಜಾಲ ಅತಿಯಾಗಿ ಬೆಳೆಯದು. ಲಟ್ಟಿಸಿದ ಹಾಳೆ ಮತ್ತೆ ಮುದುಡಿಕೊಳ್ಳುತ್ತಿದ್ದರೆ ಜಾಲ ಇನ್ನೂ ಬಿಗಿಯಾಗಿದೆ ಎಂದರ್ಥ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ.

ಚಕ್ಕಿಯಲ್ಲಿ ಬೀಸಿದ ಗೋಧಿಹಿಟ್ಟಿನಲ್ಲಿ ಪಿಷ್ಟದ ಕಣಗಳು ಕಲ್ಲಿನ ಒತ್ತಡಕ್ಕೆ, ಬಿಸಿಗೆ ಒಡೆದಿರುತ್ತವೆ. ಒಡೆದ ಕಣ ಹೆಚ್ಚು ನೀರು ಹೀರುತ್ತದೆ, ತೌಡೂ ಹೀರುತ್ತದೆ. ಚಪಾತಿ ಮೆತ್ತಗಿರಲು ಇದೇ ಕಾರಣ. ಕ್ರ್ಯಾಕರ್‌ನಲ್ಲಿ ಮಾತ್ರ ಹೀರಿದ ನೀರನ್ನೆಲ್ಲ ಹೊರಗಟ್ಟಬೇಕಾಗುತ್ತದೆ. ಹಾಗಾಗಿ ಅರ್ಧ ಮೈದಾ, ಅರ್ಧ ಗೋಧಿಹಿಟ್ಟು ಹಾಕುವುದು ಒಳ್ಳೆಯ ಹದ. ರಾಗಿಯಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ. ಅದಕ್ಕೆ ಕುದಿನೀರು ಹಾಕಿ ಕಲಸಿದರೆ ಪಿಷ್ಟವೇ ಅರೆಬೆಂದು ಹಿಟ್ಟನ್ನು ಹಿಡಿದುಕೊಳ್ಳುತ್ತದೆ. ರೊಟ್ಟಿ ತಟ್ಟುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಹಾಳೆ 2 ಮಿಲಿಮೀಟರ್ ದಪ್ಪವಿರಲಿ, ಇನ್ನೂ ತೆಳುವಾದರೆ ಮತ್ತೂ ಒಳ್ಳೆಯದು. ದಪ್ಪವೆಲ್ಲ ಒಂದೇ ಇರಬೇಕು. ಆಮೇಲೆ ಫೋರ್ಕಿನಿಂದ ತಳದವರೆಗೆ ತೂತು ಚುಚ್ಚಬೇಕು. ನೀರು ಆವಿಯಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಹಿಗ್ಗುತ್ತದೆ. 200 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಮೇಲ್ಪದರ ಬೇಗ ಒಣಗಿ ಬಿಗಿಯುತ್ತದೆ. ದಾರಿ ಸಿಗದ ಆವಿ ಹಾಳೆಯನ್ನು ಪೂರಿಯಂತೆ ಉಬ್ಬಿಸುತ್ತದೆ. ತೂತು ಆವಿಗೆ ದಾರಿ ಕೊಡುವುದಷ್ಟೇ ಅಲ್ಲದೆ, ಚುಚ್ಚಿದ ಕಡೆ ಮೇಲಿನ ಪದರವನ್ನು ಕೆಳಗಿನದಕ್ಕೆ ಅಂಟಿಸಿಬಿಡುತ್ತದೆ. ಉಬ್ಬದಂತೆ ತಡೆಯುವುದು ಹೆಚ್ಚಾಗಿ ಈ ಅಂಟುವಿಕೆಯೇ.

ಇನ್ನು ಬಣ್ಣ. ಅಮೈನೊ ಆಮ್ಲ ಮತ್ತು ಸಕ್ಕರೆಗಳು ಬಿಸಿಯಲ್ಲಿ ಕೂಡಿ ಕಂದುಬಣ್ಣ, ಪರಿಮಳ ಹುಟ್ಟುವುದನ್ನು ಫ್ರಾನ್ಸಿನ ಲೂಯಿ ಕಮೀಯ್ ಮಯ್ಯಾರ್ 1912ರಲ್ಲಿ ವಿವರಿಸಿದ. ಇದು ಜೋರಾಗಿ ನಡೆಯಲು 140 ಡಿಗ್ರಿಯಷ್ಟು ಬಿಸಿ ಬೇಕು. ನೀರಿರುವ ತನಕ ಮೇಲ್ಮೈ 100 ಡಿಗ್ರಿ ದಾಟಿ ಹೆಚ್ಚು ಏರದು. ಆದ್ದರಿಂದ ಕಂದುಬಣ್ಣ ಬಂತೆಂದರೆ ಆ ಜಾಗದ ಮೇಲ್ಮೈ ಒಣಗಿದೆ ಎಂದಷ್ಟೇ ತಿಳಿಯಬೇಕು. ಒಳಗಿನ ಸುದ್ದಿ ಅದಕ್ಕೆ ಗೊತ್ತಿಲ್ಲ. ಅಡುಗೆ ಸೋಡಾ ಹೆಚ್ಚಾದರಂತೂ ಕಣಕ ಕ್ಷಾರೀಯವಾಗಿ ಬಣ್ಣ ಇನ್ನೂ ಬೇಗ ಬಂದು ನಮ್ಮನ್ನು ಮೋಸಗೊಳಿಸುತ್ತದೆ.

ನೀರು ಸಾಕಷ್ಟು ಹೋದ ಪಿಷ್ಟ, ಪ್ರೋಟೀನು ಆರಿದಾಗ ಗಾಜಿನಂಥ ಸ್ಥಿತಿಗೆ ಬರುತ್ತವೆ. ಅಣುಗಳು ಜರುಗಲಾರವು. ಕಚ್ಚಿದರೆ ಬಾಗುವ ಬದಲು ಬಿರುಕು ಸರ್ರನೆ ಓಡುತ್ತದೆ, ಶಬ್ದವಾಗುತ್ತದೆ. ಶೇಕಡಾ ಕೆಲವಷ್ಟು ನೀರು ಹೆಚ್ಚಾದರೂ ಅಣುಗಳಿಗೆ ಸರಿದಾಡಲು ಎಡೆ ಸಿಕ್ಕಿ ಅದೇ ತುಂಡು ಚರ್ಮದಂತೆ ಬಾಗುತ್ತದೆ. ಈ ಶಬ್ದಕ್ಕೆ ರುಚಿಯಲ್ಲೂ ಪಾಲಿದೆ. ಆಕ್ಸ್‌ಫರ್ಡ್‌ನ ಚಾರ್ಲ್ಸ್ ಸ್ಪೆನ್ಸ್ ಮತ್ತು ಮಸ್ಸಿಮಿಲಿಯಾನೊ ಜಂಪಿನಿ ಆಲೂಗಡ್ಡೆ ಚಿಪ್ಸ್ ಕಚ್ಚುವ ಸದ್ದನ್ನು ಹೆಡ್‌ಫೋನಿನಲ್ಲಿ ತಿನ್ನುವವರಿಗೇ ಕೇಳಿಸಿದರು. ಸದ್ದಿನ ಕೀಚಲು ಭಾಗವನ್ನು ಏರಿಸಿದಾಗ ಅದೇ ಚಿಪ್ಸ್ ಹೆಚ್ಚು ಗರಿಗರಿ, ಹೆಚ್ಚು ತಾಜಾ ಎನಿಸಿತು. 2004ರಲ್ಲಿ ಇದು ಪ್ರಕಟವಾಯಿತು.

ಅಂಚು ಒಣಗಿ ನಡು ಹಸಿಯಾಗಿದ್ದರೆ ಇನ್ನೊಂದು ವಿಚಿತ್ರವೂ ಆಗುತ್ತದೆ. ಆರಿದ ಮೇಲೆ ನೀರು ನಡುವಿನಿಂದ ಅಂಚಿಗೆ ಮೆಲ್ಲಗೆ ಹರಿಯುತ್ತದೆ. ಅಂಚು ಹಿಗ್ಗುತ್ತದೆ, ನಡು ಕುಗ್ಗುತ್ತದೆ. ಈ ಎಳೆದಾಟದಲ್ಲಿ ಯಾರೂ ಮುಟ್ಟದಿದ್ದರೂ ಎಷ್ಟೋ ಗಂಟೆಗಳ ಮೇಲೆ ಕೂದಲೆಳೆಯಂಥ ಬಿರುಕು ಮೂಡುತ್ತದೆ. ದೊಡ್ಡ ಬಿಸ್ಕತ್ತು ಕಾರ್ಖಾನೆಗಳಿಗೂ ಇದು ಹಳೆಯ ತಲೆನೋವು. ಮನೆಯಲ್ಲಿ ಪರಿಹಾರ ಸುಲಭ. ತಿಳಿಗಂದು ಬಣ್ಣ ಬಂದೊಡನೆ ಓವನ್ನನ್ನು 120 ಡಿಗ್ರಿಗೆ ಇಳಿಸಿ ಇನ್ನೂ ಹತ್ತು-ಹದಿನೈದು ನಿಮಿಷ ಒಣಗಿಸಿ, ಆರಿಸಿ, ಬಾಗಿಲು ತುಸು ತೆರೆದು ಅಲ್ಲೇ ತಣ್ಣಗಾಗಲು ಬಿಡಿ. ಈ ಕಡೆಯ ಹೆಜ್ಜೆಗೆ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುತ್ತೇನೆ.

ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ. ಮಂಗಳೂರಿನ ಮಳೆಗಾಲದ ಗಾಳಿಯಲ್ಲಿ ಮುಚ್ಚಳ ಸಡಿಲವಿದ್ದರೂ ಸಾಕು, ಮೆತ್ತಗಾಗುತ್ತವೆ. ಆಗ 120 ಡಿಗ್ರಿಯಲ್ಲಿ ಎಂಟು-ಹತ್ತು ನಿಮಿಷ ಮತ್ತೆ ಬಿಸಿ ಮಾಡಿದರೆ ಹೀರಿದ ನೀರು ಹೋಗಿ ಗರಿಗರಿತನ ಮರಳುತ್ತದೆ. ಕಮಟು ವಾಸನೆ ಬಂದಿದ್ದರೆ ಮಾತ್ರ ಎಸೆಯಿರಿ. ಅದು ಎಣ್ಣೆ ಗಾಳಿಯ ಆಮ್ಲಜನಕದೊಡನೆ ಬೆರೆತು ಕೆಟ್ಟದ್ದು, ಓವನ್ನಿನಿಂದ ಸರಿಹೋಗದು.