ಫೋರ್ಡ್ ಊರಿನ ಊಟದ ಪಂಕ್ತಿ

ಅಮೆರಿಕದ ಮಧ್ಯಪಶ್ಚಿಮದ ಉಪನಗರಗಳಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದು ಕಷ್ಟವಲ್ಲ. ಊಟ ಮಾಡುವುದು ಕಷ್ಟ. ಹೆದ್ದಾರಿಯ ಪ್ರತಿ ತಿರುವಿನಲ್ಲೂ ಅವೇ ಫಲಕಗಳು, ಬಣ್ಣದ ಚಿತ್ರಗಳಿರುವ ಅವೇ ಮೆನುಗಳು. ಓಹಿಯೋದಲ್ಲಿ ತಿಂದ ಬನ್ನಿಗೂ ಇಂಡಿಯಾನಾದಲ್ಲಿ ತಿಂದ ಬನ್ನಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬಡಿಸುವವರು ನಗುನಗುತ್ತಲೇ ಯೋಗಕ್ಷೇಮ ವಿಚಾರಿಸುತ್ತಾರೆ. ಆ ಸೀಮೆಯ ಜನರ ಸ್ನೇಹಪರತೆ ಸುಳ್ಳಲ್ಲ. ಆದರೆ ನಾವು ಸಸ್ಯಾಹಾರಿಗಳೆಂದು ಹೇಳಿದೊಡನೆ ಅವರ ಮುಖದಲ್ಲಿ ಮೂಡುವ ಮರುಕವನ್ನು ಕಂಡರೆ, ನಾವೇ ಅವರನ್ನು ಸಮಾಧಾನಪಡಿಸಬೇಕೆನಿಸುತ್ತದೆ.

ಮಕ್ಕಳನ್ನು ನೋಡಲು ಬೇಸಿಗೆಯಲ್ಲಿ ಡೆಟ್ರಾಯಿಟ್ ಸುತ್ತಲಿನ ಊರುಗಳಿಗೆ ಹೋಗಿಬರುವ ಕನ್ನಡಿಗ ತಂದೆತಾಯಿಗಳು ಅನೇಕರಿದ್ದಾರೆ. ಮೋಟಾರು ಉದ್ಯಮವನ್ನು ನೆಚ್ಚಿದ ನಮ್ಮ ಎಂಜಿನಿಯರುಗಳು ನೋವೈ, ಕ್ಯಾಂಟನ್, ಟ್ರಾಯ್‌ಗಳಲ್ಲಿ ಮನೆ ಮಾಡಿಕೊಂಡಿದ್ದಾರೆ. ಅಲ್ಲಿ ಇಡ್ಲಿ, ದೋಸೆಗೆ ಈಗ ಬರವಿಲ್ಲ. ಆದರೆ ಭೂಮಿಯ ಆಚೆ ಬದಿಗೆ ಹಾರಿ, ಶೀತಲಪೆಟ್ಟಿಗೆಯಿಂದ ಎದ್ದುಬಂದ ಹಿಟ್ಟಿನ ದೋಸೆಯನ್ನು ತಿನ್ನುವುದರಲ್ಲಿ ಏನು ಸುಖವಿದೆಯೋ ನನಗೆ ಅರ್ಥವಾಗಿಲ್ಲ. ಹೊರಗೆ ಊಟಕ್ಕೆ ಎಲ್ಲಿಗೆ ಹೋಗಬೇಕೆಂದು ಕೇಳುವವರಿಗೆ ನಾನು ಸೂಚಿಸುವ ಊರು ಡಿಯರ್‌ಬಾರ್ನ್. ಕ್ಯಾಂಟನ್‌ನಿಂದ ಫೋರ್ಡ್ ರಸ್ತೆ ಹಿಡಿದು ಪೂರ್ವಕ್ಕೆ ಸಾಗಿದರೆ ಸಾಕು, ದಾರಿ ತಪ್ಪುವ ಭಯವಿಲ್ಲ.

ಬೇರೆ ಭಯವಿದೆ. ನಾನು ಹೊರಡುವ ಮಾತೆತ್ತಿದಾಗ ಮಗನ ಮನೆಗೆ ಬಂದಿದ್ದ ಪರಿಚಿತರೊಬ್ಬರು, "ಅಲ್ಲಿಗ್ಯಾಕೆ ಹೋಗ್ತೀರಿ ಸಾರ್, ಅದೆಲ್ಲಾ ಅವರದೇ ಏರಿಯಾ" ಎಂದರು. 'ಅವರದೇ' ಎಂಬುದಕ್ಕೆ ಯಾರೂ ಅರ್ಥ ಕೇಳಲಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೂ ಕೊಟ್ಟವರಿಗೂ ಆ ಪದ ಹೊಸದಲ್ಲ.

2020ರ ಜನಗಣತಿಯ ಪ್ರಕಾರ ಡಿಯರ್‌ಬಾರ್ನ್‌ನ ಜನಸಂಖ್ಯೆ ಸುಮಾರು 1,10,000. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅರಬ್ ಜಗತ್ತಿನ ಮೂಲದವರು. ಇವರನ್ನು ಇಲ್ಲಿಗೆ ಸೆಳೆದದ್ದು ಧರ್ಮವಲ್ಲ, ಕಾರ್ಖಾನೆ. 1914ರಲ್ಲಿ ಹೆನ್ರಿ ಫೋರ್ಡ್ ದಿನಕ್ಕೆ 5 ಡಾಲರ್ ಕೂಲಿ ಘೋಷಿಸಿದ. 1920ರ ದಶಕದ ಕೊನೆಗೆ ಅವನ ಉದ್ಯಮದ ಕೇಂದ್ರ ಹೈಲ್ಯಾಂಡ್ ಪಾರ್ಕಿನಿಂದ ಡಿಯರ್‌ಬಾರ್ನ್‌ನ ರೂಜ್ ಕಾರ್ಖಾನೆಗೆ ಬಂತು. ಅದರ ಬೆನ್ನಿಗೆ ಲೆಬನಾನ್, ಯೆಮನ್‌ಗಳ ಕಾರ್ಮಿಕರೂ ಬಂದು ಅದರ ಹೊಗೆಯ ಮಗ್ಗುಲಲ್ಲೇ ನೆಲೆ ನಿಂತರು. ಮುಂದೆ 1975ರಿಂದ 1990ರವರೆಗಿನ ಲೆಬನಾನಿನ ಅಂತರ್ಯುದ್ಧ ಇನ್ನಷ್ಟು ಕುಟುಂಬಗಳನ್ನು ಇತ್ತ ನೂಕಿತು.

ಊರು ಅವರನ್ನು ಆರತಿ ಎತ್ತಿ ಬರಮಾಡಿಕೊಳ್ಳಲಿಲ್ಲ. 1942ರಿಂದ 1978ರವರೆಗೆ ಮೇಯರ್ ಆಗಿದ್ದ ಆರ್ವಿಲ್ ಹಬಾರ್ಡ್, ಕರಿಯರು ಇಲ್ಲಿ ಮನೆ ಮಾಡಬಾರದೆಂದು ಬಹಿರಂಗವಾಗಿಯೇ ಸಾರಿದ ಮನುಷ್ಯ. ಕಾರ್ಖಾನೆಯ ಪಕ್ಕದ ಅರಬ್ ಬಡಾವಣೆಯನ್ನು ಕೆಡವಿ ಕೈಗಾರಿಕೆಗೆ ಕೊಡುವ ಅವನ ಆಡಳಿತದ ಯೋಜನೆಯನ್ನು ನಿವಾಸಿಗಳು 1970ರ ದಶಕದಲ್ಲಿ ನ್ಯಾಯಾಲಯದ ಮೂಲಕ ತಡೆಯಬೇಕಾಯಿತು. 1985ರ ಮೇಯರ್ ಚುನಾವಣೆಯಲ್ಲಿ 'ಅರಬ್ ಸಮಸ್ಯೆ' ಎಂಬ ತಲೆಬರಹದ ಕರಪತ್ರ ಮನೆಮನೆಗೂ ಹೋಯಿತು; ಅದನ್ನು ಹಂಚಿದ ಅಭ್ಯರ್ಥಿಯೇ ಗೆದ್ದರು. ಹಬಾರ್ಡ್‌ನ ಪ್ರತಿಮೆ ಸಾರ್ವಜನಿಕ ಜಾಗದಿಂದ ಕೊನೆಗೂ ಕದಲಿದ್ದು 2020ರಲ್ಲಿ. ಮರುವರ್ಷ ಅಬ್ದುಲ್ಲಾ ಹಮೂದ್ ಈ ಊರಿನ ಮೊದಲ ಅರಬ್ ಅಮೆರಿಕನ್ ಮೇಯರ್ ಆಗಿ ಆಯ್ಕೆಯಾದರು. ಅಲ್ಲಿಗೆ ಕಥೆ ಸುಖಾಂತವಾಯಿತೆನ್ನುವಂತಿಲ್ಲ. 2024ರ ಫೆಬ್ರುವರಿಯಲ್ಲಿ ಅಮೆರಿಕದ ಪ್ರಮುಖ ದಿನಪತ್ರಿಕೆಯೊಂದು ಡಿಯರ್‌ಬಾರ್ನ್ ಅನ್ನು ಜಿಹಾದಿನ ರಾಜಧಾನಿಯೆಂದು ಕರೆದ ಲೇಖನವನ್ನು ಪ್ರಕಟಿಸಿದ ಮೇಲೆ, ಮೇಯರ್ ಪ್ರಾರ್ಥನಾ ಮಂದಿರಗಳಿಗೆ ಪೊಲೀಸ್ ಕಾವಲು ಹೆಚ್ಚಿಸಬೇಕಾಯಿತು. ನಮ್ಮ ಪರಿಚಿತರ ಮಾತಿಗೆ ದೊಡ್ಡ ಪತ್ರಿಕೆಗಳ ಬೆಂಬಲವೂ ಇದೆಯೆಂದಾಯಿತು.

ಇಂಥ ಊರಿನಲ್ಲಿ ಊಟದ ಅಂಗಡಿ ತೆರೆಯುವುದೆಂದರೆ ಬರೀ ವ್ಯಾಪಾರವಲ್ಲ. ಖಾಲಿಬಿದ್ದಿದ್ದ ವಾರನ್ ಅವೆನ್ಯೂವಿನ ಮಳಿಗೆಗಳಿಗೆ 1980ರ ದಶಕದಲ್ಲಿ ಜೀವ ತುಂಬಿದ್ದು ಈ ವಲಸಿಗರೇ. ಈಗ ಆ ಬೀದಿಯುದ್ದಕ್ಕೂ ಅರಬ್ಬಿ, ಇಂಗ್ಲಿಷ್ ಎರಡರಲ್ಲೂ ಬರೆದ ಫಲಕಗಳು: ಬೇಕರಿ, ಹಣ್ಣಿನ ರಸದ ಅಂಗಡಿ, ಕಟುಕನ ಅಂಗಡಿ, ಹೋಟೆಲು. 1979ರಲ್ಲಿ ಆರಂಭವಾದ ಶತೀಲಾ ಬೇಕರಿಯ ಸಿಹಿತಿಂಡಿಗೆ ದೂರದೂರುಗಳಿಂದ ಬರುವವರಿದ್ದಾರೆ. ಅಲ್ ಅಮೀರ್ ಹೋಟೆಲಿಗೆ 2016ರಲ್ಲಿ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನದ 'ಅಮೆರಿಕಾಸ್ ಕ್ಲಾಸಿಕ್ಸ್' ಗೌರವ ಸಂದಿತು. ಒಂದು ಪ್ರದೇಶದ ಬದುಕಿನಲ್ಲಿ ಬೆರೆತುಹೋದ ಸ್ಥಳೀಯ ಹೋಟೆಲುಗಳಿಗೆ ಸಲ್ಲುವ ಮನ್ನಣೆ ಅದು.

ಮಾಂಸಾಹಾರಿಗಳಿಗೆ ಈ ಬೀದಿಯಲ್ಲಿ ನನ್ನ ಶಿಫಾರಸು ಬೇಕಿಲ್ಲ, ಮೂಗೇ ದಾರಿ ತೋರಿಸುತ್ತದೆ. ನನ್ನ ಮಾತು ಸೊಪ್ಪು, ಬೇಳೆಯವರಿಗೆ. ಲೆಬನಾನಿನ ಕ್ರೈಸ್ತರು ಈಸ್ಟರಿಗೆ ಮುಂಚಿನ ಉಪವಾಸದಲ್ಲಿ ಮಾಂಸ ಮುಟ್ಟದ ಕಾರಣ, ಆ ದೇಶದ ಅಡುಗೆಯಲ್ಲಿ ಸಸ್ಯಾಹಾರದ ಒಂದು ದೊಡ್ಡ ಸಾಲೇ ಬೆಳೆದಿದೆ. ಶಿಯಾ ಮುಸಲ್ಮಾನರ ಮನೆಗಳಲ್ಲೂ ಅದೇ ಪಾಕ. ಮೊದಲು ಕೇಳಬೇಕಾದ್ದು ಮುಜದ್ದರ. ಚನ್ನಂಗಿಬೇಳೆಯೊಡನೆ ಅಕ್ಕಿಯನ್ನೋ ಗೋಧಿನುಚ್ಚನ್ನೋ ಬೇಯಿಸಿ, ಕಪ್ಪಾಗುವ ಅಂಚಿನವರೆಗೆ ಹುರಿದ ಈರುಳ್ಳಿಯನ್ನು ಮೇಲೆ ಹರಡಿರುತ್ತಾರೆ. ಒಗ್ಗರಣೆಯಿಲ್ಲ, ಖಾರವಿಲ್ಲ. ಮೊದಲ ತುತ್ತಿಗೆ ಸಪ್ಪೆ ಎನಿಸುತ್ತದೆ; ಪಕ್ಕದಲ್ಲಿ ಮೊಸರು ಹಾಕಿಸಿಕೊಂಡು ನಾಲ್ಕನೆಯ ತುತ್ತಿಗೆ ಬರುವಷ್ಟರಲ್ಲಿ ನಮ್ಮ ಹುಗ್ಗಿಯ ದೂರದ ಸೋದರನೆಂದು ನಾಲಿಗೆಗೆ ಗುರುತು ಸಿಗುತ್ತದೆ. ಬಡವರ ಊಟವೆಂದೇ ಅದರ ಖ್ಯಾತಿ. ಸುಟ್ಟ ಬದನೆಕಾಯಿಯನ್ನು ಎಳ್ಳಿನ ಹಿಟ್ಟಿನೊಡನೆ ಕಲಸಿದ ಬಾಬಾ ಗನೂಷ್ ನಮ್ಮ ಬದನೆಕಾಯಿ ಗೊಜ್ಜಿನ ಹತ್ತಿರದ ನೆಂಟ. ಹಮ್ಮಸ್ ಈಗ ಬೆಂಗಳೂರಿನ ಮಾಲುಗಳಲ್ಲೂ ಸಿಗುವುದರಿಂದ ಅದರ ಮಾತು ಬೇಡ. ಒಲೆಯಿಂದ ಉಬ್ಬಿಕೊಂಡೇ ಮೇಜಿಗೆ ಬರುವ ರೊಟ್ಟಿ, ಬೆಣ್ಣೆಯಂತೆ ಕಡೆದ ಬೆಳ್ಳುಳ್ಳಿ ಚಟ್ನಿ 'ತೂಮ್', ಬಸಿದ ಗಟ್ಟಿಮೊಸರು 'ಲಬ್ನೆ', ಇಷ್ಟಿದ್ದರೆ ನನಗೆ ಬೇರೆ ಬೇಡ. ದ್ರಾಕ್ಷಿ ಎಲೆಯ ಸುರುಳಿಗಳಲ್ಲಿ ಮಾಂಸದ್ದೂ ಇದೆ, ಅಕ್ಕಿಯದೂ ಇದೆ. ಬೇಳೆಸಾರಿಗೆ ಕೋಳಿಯ ನೀರು ಬೆರೆಸಿರಬಹುದು. ಎರಡನ್ನೂ ಕೇಳಿಯೇ ತರಿಸಬೇಕು. ಅಡುಗೆಮನೆ ಮಾತ್ರ ಒಂದೇ. ಅದು ಒಗ್ಗದವರಿಗೆ ಈ ಲೇಖನ ಉಪಯೋಗಕ್ಕೆ ಬಾರದು.

ಅನೇಕ ಹೋಟೆಲುಗಳಲ್ಲಿ ಮದ್ಯವಿಲ್ಲ. ಹಾಗಾಗಿ ರಾತ್ರಿ ಹತ್ತಾದರೂ ಅಜ್ಜಿ, ಮೊಮ್ಮಕ್ಕಳ ಸಮೇತ ಇಡೀ ಕುಟುಂಬಗಳು ಮೇಜು ತುಂಬಿ ಕುಳಿತಿರುತ್ತವೆ. ನಾನು ಹೋದಲ್ಲಿ ಹಿರಿಯ ಬಾಣಸಿಗರೊಬ್ಬರು ಒಳಗಿನಿಂದ ಬಂದು, ತಟ್ಟೆಯಲ್ಲಿ ಉಳಿದದ್ದನ್ನು ಕಂಡು, ರುಚಿಸಲಿಲ್ಲವೇ ಎಂದು ನಿಜವಾದ ಆತಂಕದಿಂದ ಕೇಳಿದರು. ಒಬ್ಬರಿಗೆಂದು ತರುವುದು ಮೂವರಿಗಾಗುತ್ತದೆಂದು ಅವರಿಗೆ ವಿವರಿಸಲು ನನಗೆ ಸಾಧ್ಯವಾಗಲಿಲ್ಲ.

ಕಾಫಿಗೆ ಬೇರೆಡೆ ಹೋಗಬೇಕು, ಯೆಮನಿಗಳ ಬಳಿಗೆ. 2017ರಲ್ಲಿ ಡಿಯರ್‌ಬಾರ್ನ್‌ನಲ್ಲಿ ಆರಂಭವಾದ ಖಹ್ವಾ ಹೌಸ್ ಈಗ ಅಮೆರಿಕದ ಹಲವು ನಗರಗಳಿಗೆ ಹಬ್ಬಿದೆ. ಅದೇ ಜಾಡಿನ ಮತ್ತಷ್ಟು ಕಾಫಿಮನೆಗಳು ಊರಲ್ಲಿ ನಡುರಾತ್ರಿಯವರೆಗೂ ತೆರೆದಿರುತ್ತವೆ. ಬಾಬಾಬುಡನ್ ಏಳು ಬೀಜಗಳನ್ನು ಚಿಕ್ಕಮಗಳೂರಿನ ಬೆಟ್ಟಕ್ಕೆ ತಂದನೆಂಬ ಐತಿಹ್ಯ ನಮಗೆಲ್ಲ ಗೊತ್ತು, ತಂದದ್ದು ಯೆಮನಿನಿಂದ. ಆ ಗಿರಿಯ ಹೆಸರಿನಲ್ಲಿ ನಾವು ಮುಂದೆ ಕಾದಾಡಿದ ವಿಷಯವನ್ನು ಅಲ್ಲಿ ಎತ್ತುವುದು ಬೇಡವೆನಿಸಿತು. ಕಾಫಿಹಣ್ಣಿನ ಒಣಸಿಪ್ಪೆಯನ್ನು ಶುಂಠಿಯೊಡನೆ ಕುದಿಸಿದ 'ಕಿಶರ್' ನಮ್ಮ ಕಷಾಯವನ್ನು ನೆನಪಿಸುತ್ತದೆ. ಚಹಾ ಬೇಕೆನ್ನುವವರು ಅದನಿ ಚಹಾ ಕೇಳಬೇಕು: ಹಾಲು, ಏಲಕ್ಕಿ, ಸಕ್ಕರೆ ಎಲ್ಲವೂ ನಮ್ಮದೇ ಪ್ರಮಾಣದಲ್ಲಿ. ಏಡನ್ ಬಂದರು 1932ರವರೆಗೆ ಬೊಂಬಾಯಿಯ ಆಡಳಿತದಲ್ಲಿತ್ತೆಂಬುದನ್ನು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಅದರೊಡನೆ ಜೇನುಗೂಡಿನ ಆಕಾರದ ಮೆತ್ತನೆಯ ರೊಟ್ಟಿಯೊಂದನ್ನು ಕೊಡುತ್ತಾರೆ, ಒಳಗೆ ಗಿಣ್ಣಿನಂಥ ಚೀಸ್, ಮೇಲೆ ಜೇನು. ಅದೂ ಒಬ್ಬರಿಗೆ ಹೆಚ್ಚೇ. ಶುಕ್ರವಾರ, ಶನಿವಾರಗಳ ರಾತ್ರಿ ಕಾಫಿಮನೆಗಳಲ್ಲಿ ಜಾಗ ಸಿಗುವುದು ಕಷ್ಟ; ವಾರದ ನಡುವೆ ಹೋಗುವುದು ಲೇಸು.